ಹೊಳೆ ದಾಟಬಾರದವನ ಸಹಿ

ದೊಡ್ಡಪ್ಪನ ಚಿತೆಗೆ ಬೆಂಕಿ ಕೊಟ್ಟವನು ನಾನು. ಅವರಿಗೆ ಮಕ್ಕಳಿರಲಿಲ್ಲ. ತಮ್ಮನಾದ ನನ್ನ ಅಪ್ಪ ಕೊಡಬಹುದಿತ್ತು. ಆದರೆ ಅಪ್ಪನ ಮೊಣಕಾಲು ಒಮ್ಮೆ ನೆಲಕ್ಕೆ ಕೂತರೆ ಮೇಲೇಳಲು ಇಬ್ಬರ ಹೆಗಲು ಕೇಳುತ್ತದೆ. ಹಾಗಾಗಿ ಕುಮಟಾದ ಆ ಮನೆಯ ಅಂಗಳದಲ್ಲಿ ಸೇರಿದ್ದ ಹಿರಿಯರೆಲ್ಲ ತಿರುಗಿ ನನ್ನನ್ನು ನೋಡಿದರು. ನನ್ನ ಹಿಂದೆ ಬೇರೆ ಯಾರಾದರೂ ಇದ್ದಾರೆಯೇ ಎಂದು ನಾನೂ ತಿರುಗಿ ನೋಡಿದೆ. ಗೋಡೆ ಇತ್ತು.

ನಮ್ಮಲ್ಲಿ ಬೆಂಕಿ ಕೊಟ್ಟವನಿಗೆ ಸೂತಕ ಕಳೆಯುವ ತನಕ ಕಟ್ಟುಗಳು ಬಹಳ. ಉಡಲು ಒಂದೇ ಬಿಳಿ ಪಂಚೆ, ಮಲಗಲು ಚಾಪೆ, ಒಪ್ಪತ್ತು ಊಟ, ಬೆಳಿಗ್ಗೆ ಸಂಜೆ ಬಾವಿಕಟ್ಟೆಯಲ್ಲಿ ತಣ್ಣೀರು. ಗಡ್ಡ ತೆಗೆಯುವಂತಿಲ್ಲ, ಯಾರನ್ನೂ ಮುಟ್ಟುವಂತಿಲ್ಲ, ಮೀನಿನ ಹೆಸರೆತ್ತುವಂತಿಲ್ಲ. ಇವೆಲ್ಲಕ್ಕಿಂತ ದೊಡ್ಡ ಕಟ್ಟು, ಹೊಳೆ ದಾಟುವಂತಿಲ್ಲ. ಕುಮಟಾದ ಉತ್ತರಕ್ಕೆ ಅಘನಾಶಿನಿ, ದಕ್ಷಿಣಕ್ಕೆ ಹೊನ್ನಾವರದಲ್ಲಿ ಶರಾವತಿ, ಪಶ್ಚಿಮಕ್ಕೆ ಸಮುದ್ರ. ಪೂರ್ವಕ್ಕೆ ಘಟ್ಟ ಇದೆ, ಹತ್ತಬಹುದು. ಆದರೆ ಅಲ್ಲಿ ನನಗೆ ಏನೂ ಕೆಲಸವಿರಲಿಲ್ಲ. ನನಗೆ ಬೇಕಾದದ್ದೆಲ್ಲ ಶರಾವತಿಯ ಆಚೆ ಭಟ್ಕಳದಲ್ಲಿತ್ತು.

ಈ ಕಟ್ಟುಗಳ ಕಾವಲಿಗೆ ಇದ್ದವರು ಸಣ್ಣಜ್ಜ, ಅಂದರೆ ನನ್ನ ಅಜ್ಜನ ತಮ್ಮ. ಕೋರ್ಟಿನಲ್ಲಿ ತೀರ್ಪು ಓದುವ ಮೊದಲು ಕನ್ನಡಕ ಒರೆಸುವವರಿದ್ದಾರಲ್ಲ, ಹಾಗೆ ಸಣ್ಣಜ್ಜ ಅಡಕೆ ಹೋಳು ಒರೆಸುತ್ತಾರೆ. ಒರೆಸಿ, ಬಾಯಿಗೆ ಹಾಕಿ, ಅದು ಮೆತ್ತಗಾಗುವ ತನಕ ಯಾರೂ ಮಾತಾಡಬಾರದು. ಜಗಲಿಯಲ್ಲಿ ಮೊಬೈಲಿಗೆ ಮಾತಾಡುವಷ್ಟು ಸಿಗ್ನಲ್ ಇದೆ, ಇಂಟರ್ನೆಟ್ ಸಿಗುವುದು ಹಿತ್ತಲಿನ ತೋಡು ದಾಟಿದ ಮೇಲೆ. ಆ ತೋಡು ಹೊಳೆಯ ಲೆಕ್ಕಕ್ಕೆ ಬರುತ್ತದೆಯೇ ಎಂದು ಮೊದಲ ದಿನವೇ ಕೇಳಿದೆ. ಬೇಸಿಗೆಯಲ್ಲಿ ಒಣಗುವ ತೋಡು ಹೊಳೆಯಲ್ಲ, ಮಳೆಗಾಲದಲ್ಲಾದರೆ ಹೊಳೆ ಎಂದು ತೀರ್ಪಾಯಿತು. ಅದು ಬಿಸಿಲ ಕಾಲ, ಸೆಕೆಗೆ ಗೋಡೆಯೂ ಬೆವರುತ್ತಿತ್ತು. ನಾನು ಬಚಾವಾದೆ.

ಬೇರೆ ಸಮಯವಾಗಿದ್ದರೆ ಆ ತೀರ್ಪನ್ನು ಅದೇ ದನಿಯಲ್ಲಿ, ಅದೇ ಅಡಕೆ ಸಮೇತ ಸಂಜೆಯೊಳಗೆ ನಾಲ್ಕು ಮನೆಗೆ ಮುಟ್ಟಿಸುತ್ತಿದ್ದೆ. ಚಿಕ್ಕಂದಿನಿಂದ ನನಗಿರುವ ಏಕೈಕ ಆಸ್ತಿ ಇದು. ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಆಗಿದ್ದ ದೊಡ್ಡಪ್ಪ ಮೈಕಿನಲ್ಲಿ ಕೆಮ್ಮಿ, ಮತ್ತೆ ಕೆಮ್ಮಿ, ಶಿರಸಿ ಬಸ್ಸು ಹೊರಡುತ್ತದೆ ಎನ್ನುವಷ್ಟರಲ್ಲಿ ಶಿರಸಿ ಬಸ್ಸು ಹೊರಟುಹೋಗಿರುತ್ತಿತ್ತು. ನಾನು ಮೊದಲು ಕಲಿತದ್ದು ಆ ಕೆಮ್ಮನ್ನೇ. ಆಮೇಲೆ ಅಪ್ಪ, ಮೇಷ್ಟ್ರು, ಡಾಕ್ಟರು, ಬ್ಯಾಂಕಿನ ಮೇಡಮ್ಮು, ಯಾರನ್ನೂ ಬಿಟ್ಟಿಲ್ಲ. ಕನ್ನಡಿಯ ಎದುರು ನನ್ನದನ್ನೇ ಮಾಡಲು ಹೋಗಿ ಸೋತಿದ್ದೇನೆ. ನನ್ನ ದನಿ ಹೇಗಿದೆ ಎಂದು ನನಗೇ ಸರಿಯಾಗಿ ಹಿಡಿತಕ್ಕೆ ಸಿಕ್ಕಿಲ್ಲ.

ಈಗ ಜಗಲಿಯ ಮೂಲೆಯಲ್ಲಿ ಚಾಪೆಯ ಮೇಲೆ ಬಾಯಿ ಮುಚ್ಚಿ ಕೂತಿದ್ದೆ. ಮೂಲೆಯಲ್ಲಿ ಕೂರುವುದು ಅಂಥ ಕಷ್ಟವಲ್ಲ. ಆದರೆ ಶನಿವಾರ ಹತ್ತಿರ ಬರುತ್ತಿತ್ತು.

ಶನಿವಾರದ ಕತೆ ಹೇಳಬೇಕಾದರೆ ನನ್ನ ಇನ್ನೊಂದು ಕಸುಬು ಹೇಳಬೇಕು. ಸಂಬಳಕ್ಕೆ ನಾನು ಮುರ್ಡೇಶ್ವರದ ಒಂದು ಲಾಡ್ಜಿನಲ್ಲಿ ಬುಕಿಂಗ್ ಮತ್ತು ಬಿಲ್ಲು ನೋಡುವವನು. ಬಾಡಿಗೆ ಕೋಣೆ ಇರುವುದು ಭಟ್ಕಳದಲ್ಲಿ. ಸಂಬಳವಿಲ್ಲದೆ ಮಾಡುವ ಕೆಲಸ ಬೇರೆಯಿದೆ. ಸಾಫ್ಟ್‌ವೇರ್ ಬರೆಯುವವರು ತಾವು ಬರೆದದ್ದನ್ನು ಗಿಟ್ ಎಂಬ ಉಗ್ರಾಣದಲ್ಲಿ ಇಡುತ್ತಾರೆ. ಯಾರು ಯಾವ ಸಾಲನ್ನು ಯಾವಾಗ ತಿದ್ದಿದರು ಎಂಬುದೆಲ್ಲ ಅದಕ್ಕೆ ನೆನಪು. ನಮ್ಮ ಮನೆಯ ಹೆಂಗಸರ ಹಾಗೆ. ಆದರೆ ಉಗ್ರಾಣದಲ್ಲಿ ಇದ್ದರೆ ಸಾಲದು, ಅದನ್ನು ಜನರ ಕಂಪ್ಯೂಟರಿಗೆ ಸೇರುವ ಹಾಗೆ ಪೊಟ್ಟಣ ಕಟ್ಟಬೇಕು. ಭಟ್ಕಳದ ಮಲ್ಲಿಗೆಯನ್ನೇ ನೋಡಿ. ಹಿತ್ತಿಲು ಹಿತ್ತಿಲಲ್ಲಿ ಬಿಡಿಸಿದ ಮೊಗ್ಗನ್ನು ಕಟ್ಟಿ, ಬಾಳೆಯಲ್ಲಿ ಸುತ್ತಿ, ಬಸ್ಸಿಗೆ ಹಾಕಿದರೆ ತಾನೇ ಅದು ಮಂಗಳೂರಿನಲ್ಲಿ ಯಾರದೋ ಮುಡಿ ಸೇರುವುದು. ನಾನು ನೋಡಿಕೊಳ್ಳುವ ಉಪಕರಣ ಆ ಬಾಳೆನಾರಿನ ಕೆಲಸ ಮಾಡುತ್ತದೆ. ಯಾರು ಬೇಕಾದರೂ ಪುಕ್ಕಟೆ ಬಳಸಬಹುದು, ಒಳಗೆ ಇಣುಕಬಹುದು, ತಿದ್ದಬಹುದು. ಹಿಂದೆ ನೋಡಿಕೊಳ್ಳುತ್ತಿದ್ದವರು ಸುಸ್ತಾಗಿ ಬಿಟ್ಟರು. ನಾನು ಎತ್ತಿಕೊಂಡೆ. ಎಲ್ಲೆಲ್ಲಿಯ ದೇಶದವರೋ ಅದನ್ನು ನಂಬಿದ್ದಾರೆ. ಲಾಡ್ಜಿನಲ್ಲಿ ಬಿಸಿನೀರು ಬರುತ್ತಿಲ್ಲ ಎಂದು ನನ್ನ ಮೇಲೆ ರೇಗುವ ಗಿರಾಕಿಗೆ ಇದು ತಿಳಿಯದು. ನಮ್ಮ ಮನೆಯವರಿಗೂ ತಿಳಿಯದು. ಅವರ ಲೆಕ್ಕದಲ್ಲಿ ನಾನು ಲ್ಯಾಪ್‌ಟಾಪಿನಲ್ಲಿ ಆಟ ಆಡುತ್ತೇನೆ.

ಪೊಟ್ಟಣ ಕಟ್ಟುವವರು ಮೂಲ ಬರಹದ ಮೇಲೆ ತಮ್ಮ ಕಡೆಯ ತಿದ್ದುಪಡಿಗಳನ್ನು ಸೇರಿಸಿರುತ್ತಾರೆ. ಮೂಲದ್ದು ಹೊಸದಾಗಿ ಬಂದಾಗ ಆ ತಿದ್ದುಪಡಿಗಳನ್ನು ಅದರ ಮೇಲೆ ಮತ್ತೆ ಸಾಲಾಗಿ ಕೂರಿಸುವುದು ನನ್ನ ಉಪಕರಣದ ಕೆಲಸ. ಹಿಂದಿನ ಆವೃತ್ತಿಯಲ್ಲಿ ನಾನು ಬುದ್ಧಿವಂತಿಕೆ ತೋರಿಸಲು ಹೋಗಿ ಒಂದು ಕಡೆ ವೇಗ ಹೆಚ್ಚಿಸಿದೆ. ಅಲ್ಲಿಂದ ಕೊನೆಯ ತಿದ್ದುಪಡಿ ಕೆಲವೊಮ್ಮೆ ಸದ್ದಿಲ್ಲದೆ ಉದುರತೊಡಗಿತು. ಪೊಟ್ಟಣ ಹೊರಗಿನಿಂದ ಸರಿಯಾಗಿಯೇ ಕಾಣುತ್ತದೆ. ದಾರದ ತುದಿಯಿಂದ ಒಂದು ಮೊಗ್ಗು ಜಾರಿದ್ದು ಮುಡಿದವಳಿಗೂ ತಿಳಿಯುವುದಿಲ್ಲ. ಆದರೆ ಉದುರಿದ್ದು ಕಳ್ಳರನ್ನು ತಡೆಯುವ ಚಿಲಕವೇ ಆಗಿದ್ದರೆ?

ಸ್ವಯಂಸೇವಕರೇ ನಡೆಸುವ ದೊಡ್ಡದೊಂದು ಭಂಡಾರವಿದೆ, ನನ್ನ ಉಪಕರಣ ಸೇರಿ ಸಾವಿರಾರು ಇಂಥವನ್ನು ಒಟ್ಟುಮಾಡಿ ಜನರಿಗೆ ಕೊಡುವಂಥದ್ದು. ಅದರ ಬಾಗಿಲು ಶನಿವಾರ ಮುಚ್ಚುವುದಿತ್ತು. ಮುಚ್ಚಿದ ಮೇಲೆ ಒಳಗಿದ್ದದ್ದು ಹಾಗೇ ಇರುತ್ತದೆ, ವರ್ಷಗಟ್ಟಲೆ. ದೊಡ್ಡ ದೋಷ ಇರುವುದನ್ನು ಮುಚ್ಚುವ ಮೊದಲೇ ಹೊರಗೆ ಹಾಕುತ್ತಾರೆ. ಹೊರಗೆ ಹಾಕಲಿರುವವುಗಳ ನಡುವೆ ನನ್ನದೂ ಇದೆಯೆಂಬ ಸೂಚನೆ ಬಂದಾಗಿತ್ತು. ದುರಸ್ತಿ ಮಾಡಿದ ಆವೃತ್ತಿ ನನ್ನ ಲ್ಯಾಪ್‌ಟಾಪಿನಲ್ಲಿ ಸಿದ್ಧವಾಗಿ ಕೂತಿತ್ತು. ಬೇಕಾದದ್ದು ನನ್ನ ಸಹಿ ಒಂದೇ.

ಈ ಸಹಿ ಪೆನ್ನಿನದ್ದಲ್ಲ. ಅವರು ನನ್ನ ಮುಖ ನೋಡಿಲ್ಲ, ದನಿ ಕೇಳಿಲ್ಲ. ಕೇಳಿದ್ದರೆ ಇನ್ನೂ ನಂಬುತ್ತಿರಲಿಲ್ಲ. ಪೆನ್‌ಡ್ರೈವಿನಂಥ, ಹೆಬ್ಬೆರಳಿನಷ್ಟು ದೊಡ್ಡ ಒಂದು ಕಡ್ಡಿಯನ್ನು ಲ್ಯಾಪ್‌ಟಾಪಿಗೆ ಚುಚ್ಚಿ ಬೆರಳಿಟ್ಟರೆ ಅದು ಬೇರೆ ಯಾರೂ ನಕಲು ಮಾಡಲಾಗದ ಗುರುತೊಂದನ್ನು ಹಾಕುತ್ತದೆ. ಅದಿದ್ದರೆ ಅದು ನಾನು, ಇಲ್ಲದಿದ್ದರೆ ಯಾರೋ. ದೊಡ್ಡಪ್ಪನ ಸುದ್ದಿ ಬಂದಾಗ ನಾನು ಲಾಡ್ಜಿನಿಂದ ಲ್ಯಾಪ್‌ಟಾಪ್ ಚೀಲ ಹೆಗಲಿಗೆ ಹಾಕಿಕೊಂಡು ನೇರ ಬಸ್ಸು ಹತ್ತಿದ್ದೆ. ಕಡ್ಡಿ ಭಟ್ಕಳದ ಕೋಣೆಯಲ್ಲೇ ಉಳಿಯಿತು. ಕಳ್ಳ ಬಂದರೂ ಕೈ ಹಾಕದಿರಲಿ ಎಂದು ಅದನ್ನು ಒಣಸೀಗಡಿ ಡಬ್ಬಿಯೊಳಗೆ, ಸೀಗಡಿಯ ಅಡಿಗೆ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಇಟ್ಟಿದ್ದೆ. ಈ ಉಪಾಯಕ್ಕೆ ನನ್ನ ಬೆನ್ನನ್ನು ನಾನೇ ತಟ್ಟಿಕೊಂಡದ್ದೂ ಇದೆ.

ಜಗಲಿಯಲ್ಲಿ ಮೊದಲು ಎದ್ದ ಪ್ರಶ್ನೆ, ಸೂತಕದವನು ಲ್ಯಾಪ್‌ಟಾಪ್ ಮುಟ್ಟಬಹುದೇ ಎಂಬುದು. ಸಣ್ಣಜ್ಜ ಅಡಕೆ ಒರೆಸಿದರು.

"ಅದ್ರಲ್ಲಿ ಚರ್ಮ ಅದೆಯಾ?"

"ಇಲ್ಲ ಅಜ್ಜ."

"ಎಂಜಲು?"

"ಚಕ್ಕುಲಿ ಪುಡಿ ಇರ್‍ಬಹುದು."

ಒರೆಸಿ ಮುಟ್ಟು ಎಂದಾಯಿತು. ಅಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಅಷ್ಟು ಹೊತ್ತು ಅದರಲ್ಲಿ ಏನು ಮಾಡುವುದು ಎಂದು ಅವರು ಕೇಳಿದರು. ಹೊಸ ಆವೃತ್ತಿ ಕಳಿಸುವುದಿದೆ ಎಂದುಬಿಟ್ಟೆ.

"ಹೊಸದಾ?"

ನನ್ನ ಗ್ರಹಚಾರ. ಸೂತಕದಲ್ಲಿ ಹೊಸ ಬಟ್ಟೆ ಉಡುವುದಿಲ್ಲ, ಹೊಸ ಮಡಕೆ ಒಲೆಗೆ ಏರಿಸುವುದಿಲ್ಲ, ಗಿಡ ನೆಡುವುದಿಲ್ಲ, ಗಂಡುಹೆಣ್ಣಿನ ಮಾತೆತ್ತುವುದಿಲ್ಲ.

"ನೀ ಕಳಿಸೂದು ಹೊಳೆ ದಾಟತದೆಯಾ?"

"ಸಮುದ್ರನೇ ದಾಟತದೆ."

ಅಪ್ಪ ದೂರದಿಂದ ಹಣೆ ಹಿಡಿದುಕೊಂಡರು. ಬಾಯಿ ಇರುವವನಿಗೆ ಬಾಯೇ ಶತ್ರು ಎಂದು ಅವರು ನನಗೆ ಹೇಳುತ್ತ ಬಂದಿರುವುದು ಇಂಥ ಗಳಿಗೆಗಳಿಗಾಗಿಯೇ. ನಾನು ಬೇರೆ ದಾರಿ ಹಿಡಿದೆ. ಸೂತಕದ ಮನೆಯಲ್ಲಿ ಮಾಡಿನ ಹೆಂಚು ಒಡೆದರೆ ಏನು ಮಾಡುವುದು ಎಂದು ಕೇಳಿದೆ. ಹೆಂಚು ಹಾಕುವುದೇ, ಮತ್ತೆಂತ, ಎಂದರು. ಇದೂ ಹೆಂಚೇ, ನಾನೇ ಒಡೆದ ಹೆಂಚು, ಸೋರುತ್ತಾ ಇದೆ ಎಂದೆ. ಅಡಕೆ ಮೆತ್ತಗಾಗುವ ತನಕ ಕಾದೆ.

"ಹಾಂಗಾದ್ರೆ ಹೆಂಚು ಹಾಕು, ತಮಾ. ಹೊಸ ಕೋಣೆ ಕಟ್ಟೂಕೆ ಹೋಗಬೇಡ."

ಇದು ಅವರಿಗೆ ಹೇಗೆ ತಿಳಿಯಿತೋ. ದುರಸ್ತಿಯ ಜೊತೆಗೆ ನಾನು ಎರಡು ಮೂರು ಹೊಸ ಸೌಕರ್ಯಗಳನ್ನೂ ಸೇರಿಸಿದ್ದೆ, ಮೆಚ್ಚಿಗೆಗಾಗಿ. ಭಂಡಾರದವರ ನಿಯಮವೂ ಅದೇ ಇತ್ತು. ಬಾಗಿಲು ಮುಚ್ಚುವ ಹೊತ್ತಿಗೆ ರಿಪೇರಿ ಮಾತ್ರ ತನ್ನಿ, ಹೊಸದೇನೂ ಬೇಡ ಎಂದು ಸ್ಪಷ್ಟವಾಗಿ ಬರೆದಿದ್ದರು. ಅವರಿಗೂ ಒಂದು ಬಗೆಯ ಸೂತಕ. ಯಾರಿಗೂ ಕಾಣದ ಹಾಗೆ ತೂರಿಸಿಬಿಡೋಣ ಎಂದುಕೊಂಡಿದ್ದೆ. ಸಣ್ಣಜ್ಜ ಎದುರು ಕೂತು ಅಡಕೆ ಜಗಿಯುತ್ತಿರುವಾಗ ಕೈ ಬರಲಿಲ್ಲ. ಆ ಮಧ್ಯಾಹ್ನ ಕೂತು ಹೊಸ ಕೋಣೆಗಳನ್ನೆಲ್ಲ ಕೆಡವಿದೆ. ಬರೀ ಹೆಂಚು ಉಳಿಯಿತು. ನನ್ನ ಜೊತೆ ಈ ಕೆಲಸದಲ್ಲಿ ಕೈಹಾಕುವವಳು ಎಲ್ಲೋ ಚಳಿದೇಶದ ಒಬ್ಬ ಹೆಂಗಸು. ನೋಡಿಲ್ಲ, ಬರಹದಲ್ಲಿ ಮಾತ್ರ ಪರಿಚಯ. ಅವಳು ಅದನ್ನು ತನ್ನ ಕಂಪ್ಯೂಟರಿನಲ್ಲಿ ಹಾಕಿ ನೋಡಿ, ಒಂದೂ ಉದುರಲಿಲ್ಲ, ಎಲ್ಲ ಸರಿಯಿದೆ ಎಂದು ಬರೆದಳು. ಆದರೆ ಭಂಡಾರದಲ್ಲಿ ನಡೆಯುವುದು ನನ್ನ ಸಹಿ ಮಾತ್ರ.

ಭಟ್ಕಳದ ಮನೆಯೊಡತಿಗೆ ಫೋನ್ ಮಾಡಿದೆ. ಅವರು ನವಾಯತಿ ಮುಸ್ಲಿಂ ಮನೆತನದ ಹಿರಿಯ ಹೆಂಗಸು, ಕೆಳಗಿನ ಮನೆಯಲ್ಲಿ ಒಬ್ಬರೇ ಇರುತ್ತಾರೆ, ಮೇಲಿನ ಕೋಣೆ ನನ್ನದು. ಖಾಲಾ, ಅಂದರೆ ಚಿಕ್ಕಮ್ಮ, ಎಂದು ಕರೆಯುತ್ತೇನೆ. ಅವರ ಬಳಿ ಇರುವುದು ಗುಂಡಿ ಒತ್ತುವ ಹಳೆ ಫೋನು, ಮುಖ ತೋರಿಸಿ ಮಾತಾಡುವ ದಾರಿಯಿಲ್ಲ.

"ಖಾಲಾ, ನಾನು."

"ಯಾವ ನಾನು?"

"ಮೇಲಿನ ಕೋಣೆಯವ."

"ಅವನೇಯಾ, ಅವನ ಹಾಂಗೆ ಮಾತಾಡೂ ಮತ್ತೊಬ್ಬನಾ?"

ದೊಡ್ಡಪ್ಪ ತೀರಿಕೊಂಡರು, ಬೆಂಕಿ ಕೊಟ್ಟವನು ನಾನು, ಹೊಳೆ ದಾಟುವಂತಿಲ್ಲ, ನಿಮ್ಮ ಹತ್ತಿರ ಇರುವ ಇನ್ನೊಂದು ಕೀಲಿಯಿಂದ ನನ್ನ ಕೋಣೆ ತೆಗೆದು ಒಣಸೀಗಡಿ ಡಬ್ಬಿಯನ್ನು ಕುಮಟಾ ಬಸ್ಸಿಗೆ ಕೊಟ್ಟು ಕಳಿಸಿ, ಬಹಳ ಅರ್ಜೆಂಟು ಎಂದೆ. ಹೇಳುತ್ತಿರುವಾಗಲೇ ನನ್ನ ಕಿವಿಗೆ ಕೇಳಿಸಿತು. ನಾನು ಈವರೆಗೆ ಕಟ್ಟಿದ ಯಾವ ಸುಳ್ಳೂ ಇಷ್ಟು ಚೆನ್ನಾಗಿರಲಿಲ್ಲ. ಸೂತಕದವನು ಸೀಗಡಿ ಕೇಳುತ್ತಿದ್ದಾನೆ!

ಖಾಲಾನ ತಲೆಯಲ್ಲಿ ಏನು ಓಡುತ್ತಿತ್ತು ಎಂದು ನನಗೆ ಗೊತ್ತು. ಹಿಂದೊಮ್ಮೆ ನಾನು ಮೇಲಿನ ಕೋಣೆಯಿಂದಲೇ ಕರೆಂಟ್ ಆಫೀಸಿನವನ ದನಿಯಲ್ಲಿ ಫೋನ್ ಮಾಡಿ, ಎರಡು ದಿನ ಲೈನು ಬಂದ್ ಎಂದಿದ್ದೆ. ಅವರು ಫ್ರಿಜ್ಜಿನಲ್ಲಿದ್ದ ಮೀನು ಮಾಂಸವನ್ನೆಲ್ಲ ಬೇಯಿಸಿ ಓಣಿಗೆ ಹಂಚಿದರು. ನನ್ನ ಪಾಲೂ ಬಂತು, ತಿಂದೆ. ಮತ್ತೊಮ್ಮೆ ದುಬೈಯಲ್ಲಿರುವ ಅವರ ಅಳಿಯನಾಗಿ ಮಾತಾಡಿದ್ದೆ.

"ಮೀಟರಿನವ ಆದೆ, ಅಳಿಯ ಆದೆ, ನಗಾಡಿ ಬಿಟ್ಟೆ," ಎಂದರು. "ಸಾವಿನ ಮೇಲೆ ತಮಾಷೆ ಬೇಡ ಬೇಟಾ. ನಿನ್ನ ದೊಡ್ಡಪ್ಪಗೆ ಆಯುಷ್ಯ ಕಡಿಮೆ ಆಗ್ತದೆ."

ಫೋನು ಇಟ್ಟರು.

ಅಪ್ಪನಿಂದ ಮಾತಾಡಿಸಿದೆ. ಅಪ್ಪ ಫೋನಿನಲ್ಲಿ ಮಾತಾಡುವುದು ತಹಸೀಲ್ದಾರರ ಎದುರು ನಿಂತ ಹಾಗೆ. ತಾವು ಇಂಥವರು, ಇಂಥ ಊರಿನವರು, ನಿಮ್ಮ ಬಾಡಿಗೆದಾರನ ತಂದೆ ಎಂದು ಒಪ್ಪಿಸಿದರು. ಆಚೆಯಿಂದ ಬಂದ ಉತ್ತರ ಸ್ಪೀಕರಿನಲ್ಲಿ ಇಡೀ ಜಗಲಿಗೆ ಕೇಳಿತು.

"ಅಪ್ಪನ ದನಿ ಹೋದ ಸಲ ಇದಕ್ಕಿಂತ ಚಲೋ ತೆಗ್ದಿದ್ದೆ."

ಅಪ್ಪ ನನ್ನ ಕಡೆ ತಿರುಗಿದರು. ನಾನು ಮಾಡಿನ ಹೆಂಚು ಎಣಿಸತೊಡಗಿದೆ.

ಲಾಡ್ಜಿನ ನನ್ನ ಜೊತೆಗಾರ ಮುರ್ಡೇಶ್ವರದಿಂದ ಬೈಕು ತೆಗೆದುಕೊಂಡು ಹೋಗಿ ಅವರ ಬಾಗಿಲು ತಟ್ಟಿದ. ಖಾಲಾ ಅವನಿಗೆ ಚಾ ಕೊಟ್ಟರು, ಖರ್ಜೂರ ಕೊಟ್ಟರು, ಕೀಲಿ ಕೊಡಲಿಲ್ಲ. ಅವನ ಫೋನಿನಲ್ಲಿ ನನ್ನ ಮುಖ ತೋರಿಸೋಣವೆಂದರೆ ತೋಡಿನ ಆಚೆಯ ಸಿಗ್ನಲ್ ವಿಡಿಯೋ ಹಿಡಿಯುವಷ್ಟಿರಲಿಲ್ಲ. ನಂಬಿ ಬಿಟ್ಟುಹೋದವನ ಕೋಣೆಯನ್ನು ಅವನೇ ಬಾರದೆ ಹೇಗೆ ತೆಗೆಯುವುದು ಎಂದು ಕೇಳಿ ಕಳಿಸಿದರಂತೆ. ಸಿಟ್ಟು ಮಾಡಿಕೊಳ್ಳೋಣವೆಂದರೆ ಅವರು ಕಾಯುತ್ತಿದ್ದದ್ದು ನನ್ನದೇ ವಸ್ತುವನ್ನು, ನನ್ನಿಂದಲೇ. ಭಂಡಾರದವರು ಸಹಿಯಿಲ್ಲದೆ ನಂಬುವುದಿಲ್ಲ, ಖಾಲಾ ನಾನು ಎದುರು ನಿಲ್ಲದೆ ನಂಬುವುದಿಲ್ಲ. ಎದುರು ನಿಲ್ಲಲು ಶರಾವತಿ ಅಡ್ಡ.

ದಾಟಿಬಿಟ್ಟರೆ ಏನಾಗುತ್ತಿತ್ತು ಎಂದು ನೀವು ಕೇಳಬಹುದು. ನಾನೂ ಕೇಳಿಕೊಂಡೆ. ಹೊನ್ನಾವರದ ಸೇತುವೆಯ ಮೇಲೆ ಬಸ್ಸು ದಾಟಲು ಎಷ್ಟು ಹೊತ್ತು, ಒಂದು ಕೆಮ್ಮು ಮುಗಿಯುವಷ್ಟು. ಯಾರಿಗೂ ಹೇಳದೆ ಹೋಗಿ ಬರಬಹುದಿತ್ತು. ಪಂಚೆಯ ಮೇಲೆ ಅಂಗಿ ಹಾಕಿಕೊಂಡು ಹಿತ್ತಲಿನ ತೋಡಿನ ತನಕ ಹೋದದ್ದೂ ನಿಜ. ಒಳಮನೆಯ ಕಿಟಕಿಯಲ್ಲಿ ದೊಡ್ಡಮ್ಮ ಕೂತಿದ್ದರು. ದೊಡ್ಡಪ್ಪ ಹೋದ ದಿನದಿಂದ ಅವರು ಹೂಂ, ಬೇಡ ಎರಡೇ ಮಾತು ಆಡುತ್ತಿದ್ದದ್ದು. ನನ್ನನ್ನು ನೋಡಿದರು, ಅಷ್ಟೆ. ನಾನು ಸಿಗ್ನಲ್ ಹುಡುಕಲು ಬಂದವನ ಹಾಗೆ ಮೊಬೈಲನ್ನು ಮೇಲಕ್ಕೆತ್ತಿ ಹಿಡಿದು, ನಾಲ್ಕು ದಿಕ್ಕಿಗೆ ತಿರುಗಿ, ವಾಪಸ್ಸು ಬಂದು ಚಾಪೆಯ ಮೇಲೆ ಕೂತೆ. ನಟನೆ ಚೆನ್ನಾಗಿರಲಿಲ್ಲ.

ಶುಕ್ರವಾರ ಮಧ್ಯಾಹ್ನ ಮತ್ತೆ ಖಾಲಾಗೆ ಫೋನ್ ಹಚ್ಚಿ ಬೇಡಿಕೊಳ್ಳುತ್ತಿದ್ದಾಗ ದೊಡ್ಡಮ್ಮ ಒಳಬಾಗಿಲ ಹೊಸಿಲಿಗೆ ಬಂದು ಕೂತರು. ನೆಲದ ಕಡೆ ಕೈ ತೋರಿಸಿದರು. ಮುಟ್ಟುವಂತಿಲ್ಲವಾದ್ದರಿಂದ ನಮ್ಮಲ್ಲಿ ಆಗ ಏನನ್ನು ಕೊಡುವುದಿದ್ದರೂ ನೆಲದ ಮೇಲೆ ಇಡುವುದು, ಅವರು ಎತ್ತಿಕೊಳ್ಳುವುದು. ಫೋನನ್ನು ನೆಲಕ್ಕಿಟ್ಟು ಹಿಂದೆ ಸರಿದೆ.

"ಹೌದು," ಎಂದರು ದೊಡ್ಡಮ್ಮ ಫೋನಿಗೆ. "ಅವ್ರು ಹೋದ್ರು."

ಆಚೆಯವರು ಏನೋ ಕೇಳಿರಬೇಕು.

"ಬೆಳಿಗ್ಗೆ ಚಾ ಕುಡ್ದು ಲೋಟ ಕೆಳಗಿಟ್ರು. ಅಷ್ಟೇಯ."

ಇಷ್ಟನ್ನು ಅವರು ಅಲ್ಲಿಯ ತನಕ ನಮ್ಮ ಯಾರಿಗೂ ಹೇಳಿರಲಿಲ್ಲ. ಆಮೇಲೆ ಕೇಳಿದರು, "ನಿಮ್ಮವ್ರು ಇದ್ದಾರಾ?"

ಅಲ್ಲಿಂದ ಮುಂದೆ ದೊಡ್ಡಮ್ಮ ಮಾತಾಡಿದ್ದು ಕಡಿಮೆ. ಕಿವಿಗೆ ಫೋನು ಒತ್ತಿಕೊಂಡು ಕೂತರು. ಆಗಾಗ ಹೂಂ, ಆಗಾಗ ಹೌದಾ. ಸೆರಗಿನಿಂದ ಕುತ್ತಿಗೆ ಒರೆಸಿಕೊಂಡರು. ಅಪ್ಪ ಎದ್ದು ಹೋದರು, ಸಣ್ಣಜ್ಜ ತೂಕಡಿಸಿದರು, ಅಂಗಳದ ನೆರಳು ತುಳಸಿಕಟ್ಟೆ ದಾಟಿತು. ಖಾಲಾನ ಗಂಡ ತೀರಿಕೊಂಡಾಗ ಅವರೂ ತಿಂಗಳುಗಟ್ಟಲೆ ಮನೆಯ ಒಳಗೇ ಇರಬೇಕಾಗಿತ್ತಂತೆ. ಅವರಲ್ಲಿ ಗಂಡ ಹೋದವಳಿಗೆ ಹಾಗೆ ಕಟ್ಟು. ಹೊರಗೆ ಹೋಗಲು ಆಗದಿರುವುದಲ್ಲ ಕಷ್ಟ, ಬಂದವರೆಲ್ಲ ತಾವೇ ಮಾತಾಡಿ ಎದ್ದು ಹೋಗುವುದು ಕಷ್ಟ ಎಂದರಂತೆ. ಇದೆಲ್ಲ ದೊಡ್ಡಮ್ಮ ನನಗೆ ಆಮೇಲೆ ಹೇಳಿದ್ದು. ಆಗ ನಾನು ನೋಡಿದ್ದು, ಅವರು ಒಮ್ಮೆ ಕಣ್ಣು ಮುಚ್ಚಿ, ನಿಮಗೆ ಹೊತ್ತು ಹೇಗೆ ಹೋಗುತ್ತಿತ್ತು ಎಂದು ಕೇಳಿದ್ದನ್ನು ಮಾತ್ರ. ಉತ್ತರ ಉದ್ದವಿತ್ತು.

ನನಗೋ ಮೈಯೆಲ್ಲ ಇರುವೆ. ಶನಿವಾರ ಹತ್ತಿರ ಬಂದಿದೆ, ಇವರು ಇನ್ನೂ ಮೊಣಕಾಲು ನೋವಿಗೆ ಹಚ್ಚುವ ಎಣ್ಣೆಯಲ್ಲಿದ್ದಾರೆ. ಎರಡು ಸಲ ಕೈಸನ್ನೆ ಮಾಡಿದೆ, ಡಬ್ಬಿ, ಡಬ್ಬಿ ಎಂದು. ದೊಡ್ಡಮ್ಮ ನೋಡಲೇ ಇಲ್ಲ.

ಕೊನೆಗೆ ಫೋನು ನೆಲಕ್ಕಿಟ್ಟು ನನ್ನ ಕಡೆ ತಳ್ಳಿದರು. ಖಾಲಾ ಇನ್ನೂ ಆಚೆ ಇದ್ದರು.

"ಡಬ್ಬಿ ಕಳಿಸ್ತೆ," ಎಂದರು. "ನೀ ಹೆಂಗಸ್ರ ದನಿನೂ ತೆಗಿತೆ, ಅದು ನಂಗೆ ಗೊತ್ತದೆ. ಆದ್ರೆ ಇಷ್ಟೊತ್ತು ಸುಮ್ಮನೆ ಕೇಳಿದ್ರಲ್ಲ ಅವ್ರು. ಅದು ನಿನ್ನ ಕೈಲಿ ಆಗೂದಿಲ್ಲ."

ಬೆಳಗಿನ ಕುಮಟಾ ಬಸ್ಸಿಗೆ ಕೊಡಿ ಎಂದಷ್ಟೇ ಹೇಳಿ ಫೋನು ಇಟ್ಟೆ. ಇದು ನನ್ನ ಮಟ್ಟಿಗೆ ಅಪರೂಪ.

ಶನಿವಾರ ಬೆಳಿಗ್ಗೆ ಖಾಲಾ ಯಾರನ್ನೂ ನಂಬದೆ ತಾವೇ ರಿಕ್ಷಾ ಮಾಡಿಕೊಂಡು ಭಟ್ಕಳದ ನಿಲ್ದಾಣಕ್ಕೆ ಹೋಗಿ, ಬಟ್ಟೆಯಲ್ಲಿ ಕಟ್ಟಿದ ಡಬ್ಬಿಯನ್ನು ಕಂಡಕ್ಟರನ ಕೈಗೆ ಕೊಟ್ಟರು. ಒಳಗೆ ಏನಿದೆ ಎಂದು ಬಿಚ್ಚಿ ನೋಡಲಿಲ್ಲ, ಬೇರೆಯವರ ಡಬ್ಬಿ. ಕುಮಟಾದಲ್ಲಿ ಅಪ್ಪ ಕಾದು ನಿಂತಿದ್ದರು. ಕಂಟ್ರೋಲರ್ ಮನೆಗೆ ಎಂದು ತಿಳಿದದ್ದೇ ಆ ಕಂಡಕ್ಟರ್ ಸಾಗಾಟದ ದುಡ್ಡು ಬೇಡವೆಂದು, ಬಸ್ಸು ನಿಲ್ಲಿಸಿಕೊಂಡು ದೊಡ್ಡಪ್ಪನ ಬಗ್ಗೆ ಮಾತಾಡಿದನಂತೆ. ಬಸ್ಸು ತಡವಾಯಿತು. ಅದರಲ್ಲೇನೂ ಹೊಸದಿಲ್ಲ.

ಅಪ್ಪ ಗೇಟಿನ ಬಳಿ ಬಂದದ್ದೇ ಸಣ್ಣಜ್ಜ ಮೂಗು ಮೇಲೆತ್ತಿದರು. ಗಂಟು ಬಿಚ್ಚುವ ಮೊದಲೇ ಅವರಿಗೆ ವಾಸನೆ ಮುಟ್ಟಿತ್ತು. ಸೂತಕದ ಮನೆಗೆ ಸೀಗಡಿ. ಅಪ್ಪನೂ ಸೂತಕದವರೇ, ಡಬ್ಬಿಯನ್ನು ಬಟ್ಟೆಯ ಗಂಟು ಹಿಡಿದು ತಂದಿದ್ದರು, ಒಳಗೆ ಕೈ ಹಾಕುವಂತಿರಲಿಲ್ಲ. ನಾನಂತೂ ಹತ್ತಿರ ಹೋಗುವಂತಿರಲಿಲ್ಲ. ಡಬ್ಬಿ ಗೇಟಿನ ಹೊರಗಿನ ಕಲ್ಲಿನ ಮೇಲೆ ಕೂತಿತು, ನಾನು ಜಗಲಿಯಲ್ಲಿ ಕೂತೆ. ಬೆಕ್ಕೊಂದು ಬಂದು ಇಬ್ಬರನ್ನೂ ನೋಡಿತು.

ಪಕ್ಕದ ಮನೆಯ ಕೊಂಕಣಿ ಅಕ್ಕನನ್ನು ಕರೆದರು. ಅವರು ಬಂದು ಕೂತು, ಸೀಗಡಿಯನ್ನು ಕಾಗದದ ಮೇಲೆ ಸುರಿದು, ಬೆರಳಿನಲ್ಲಿ ಕೆದಕಿ, ಪ್ಲಾಸ್ಟಿಕ್ ಬಿಚ್ಚಿ ಕಡ್ಡಿ ಹೊರತೆಗೆದರು. ಅಕ್ಕ, ಅದನ್ನು ಹಾಗೇ ಗೇಟಿನೊಳಗೆ ಇಡಿ ಎಂದು ನಾನು ಕೂಗುವಷ್ಟರಲ್ಲಿ ಅವರು ತಮ್ಮ ಬಾವಿಕಟ್ಟೆಯಲ್ಲಿದ್ದರು. ಕ್ರಿಯೆಗೆ ಕೂತವನ ಕೈಗೆ ಮೀನಿನ ವಾಸನೆಯ ಸಾಮಾನು ಕೊಡುವಷ್ಟು ರೀತಿ ತಿಳಿಯದವರೇ ಅವರು? ಹುಣಸೆಹಣ್ಣು ಹಾಕಿ ತಿಕ್ಕಿದರು. ತೊಳೆದರು. ಮೂಸಿದರು. ಮತ್ತೆ ತಿಕ್ಕಿದರು. ದೇವರ ದೀಪದ ಹಾಗೆ ಫಳಫಳ ಮಾಡಿ, ಬಿಸಿಲಿಗೆ ಗೋಡೆಯ ಮೇಲಿಟ್ಟು, ಈಗ ಏನೂ ವಾಸನೆ ಇಲ್ಲ ನೋಡು ಎಂದು ಸಮಾಧಾನದಿಂದ ಹೇಳಿದರು. ಸಾಲದ್ದಕ್ಕೆ ಸಣ್ಣಜ್ಜ ಎದ್ದು ಅದರ ಮೇಲೆ ತೀರ್ಥ ಚಿಮುಕಿಸಿದರು.

ಅದು ಒಣಗುವ ತನಕ ಕಾಯುವುದೇ ಕೆಲಸ. ಗೋಡೆಯ ಮೇಲೆ ನನ್ನ ಸಹಿ, ಬಿಸಿಲು ಕಾಯುತ್ತಾ. ಅದನ್ನು ಮಾಡಿದ ಕಂಪನಿಯವರು ನೀರು ತಾಗಿದರೂ ಹಾಳಾಗದು ಎಂದು ಬರೆದಿದ್ದರು. ಹುಣಸೆಹಣ್ಣಿನ ಬಗ್ಗೆ ಏನೂ ಬರೆದಿರಲಿಲ್ಲ. ಇದು ಹೋದರೆ ಹೊಸದು ತರಿಸಿ, ನಾನು ನಾನೇ ಎಂದು ಅವರನ್ನೆಲ್ಲ ಮತ್ತೆ ಒಪ್ಪಿಸುವಷ್ಟರಲ್ಲಿ ಬಾಗಿಲು ಮುಚ್ಚಿ ಚಿಲಕ ಬಿದ್ದಿರುತ್ತದೆ. ಹೀಗೆ ಯೋಚಿಸುತ್ತಾ ಕೂತಾಗ ಗೊತ್ತಾಯಿತು, ಆ ದಿನಗಳಲ್ಲಿ ಮೊದಲ ಸಲ ನನಗೆ ಯಾರ ದನಿಯನ್ನೂ ತೆಗೆಯಬೇಕೆನಿಸಿರಲಿಲ್ಲ.

ಬಿಸಿಲು ಇಳಿಯುವ ಮುಂಚೆ ಕಡ್ಡಿಯನ್ನು ಅಪ್ಪ ತಂದು ನೆಲದ ಮೇಲೆ ಇಟ್ಟರು. ಎತ್ತಿಕೊಂಡು ಲ್ಯಾಪ್‌ಟಾಪಿಗೆ ಚುಚ್ಚಿದೆ. ಏನೂ ಆಗಲಿಲ್ಲ. ತೆಗೆದು, ಪಂಚೆಯ ತುದಿಯಲ್ಲಿ ಒರೆಸಿ, ಉಫ್ ಎಂದು ಊದಿ ಮತ್ತೆ ಚುಚ್ಚಿದೆ. ಹಸಿರು ಬೆಳಕು ಮಿನುಗಿತು. ಸಹಿ ಹಾಕಿದೆ. ಆಮೇಲೆ ಲ್ಯಾಪ್‌ಟಾಪನ್ನು ಎತ್ತಿಕೊಂಡು, ಹೊಳೆಯಲ್ಲವೆಂದು ತೀರ್ಪಾದ ತೋಡು ದಾಟಿ, ತೆಂಗಿನ ಬುಡದಲ್ಲಿ ಕೂತು ಕಳಿಸಿದೆ. ಹೋಯಿತೋ ಇಲ್ಲವೋ ಎಂದು ಬಹಳ ಹೊತ್ತು ಗೊತ್ತಾಗಲಿಲ್ಲ. ಕೊನೆಗೆ ಯಂತ್ರವೇ ಬರೆದ ಒಂದು ಸಾಲಿನ ಉತ್ತರ ಬಂತು, ಸ್ವೀಕರಿಸಲಾಗಿದೆ. ಇನ್ನೂ ಸ್ವಲ್ಪ ಹೊತ್ತಿಗೆ, ಹೊರಗೆ ಹಾಕುವವುಗಳ ಸಾಲಿನಿಂದ ನಮ್ಮದನ್ನು ತೆಗೆದಿದ್ದಾರೆ ಎಂಬ ಇನ್ನೊಂದು ಸಾಲು.

ಕಿಟಕಿಯಿಂದ ದೊಡ್ಡಮ್ಮ, "ಆತಾ?" ಎಂದರು.

"ಆತು."

ಜಿಗಿದು ಕುಣಿಯಬೇಕು ಎಂದುಕೊಂಡಿದ್ದವನು ಎದ್ದು ಬಂದು ಅದೇ ಚಾಪೆಯ ಮೇಲೆ ಕೂತೆ. ಸೂತಕ ಇನ್ನೂ ಉಳಿದಿತ್ತು. ಗೋಡೆ ಅಲ್ಲೇ ಇತ್ತು, ಹೊಳೆ ಅಲ್ಲೇ ಇತ್ತು.

ತೋಡಿನಾಚೆ ಕೂತಿದ್ದಾಗಲೇ ಬಂದಿದ್ದ ಚಳಿದೇಶದ ಆ ಹೆಂಗಸಿನ ಪತ್ರವನ್ನು ಆಗ ತೆರೆದೆ. ಚೆನ್ನಾಯಿತು ಎಂದು ಒಂದು ಸಾಲು. ಅದರ ಕೆಳಗೆ ಬರೆದಿದ್ದಳು: ಈ ವಾರವೆಲ್ಲ ಅವಳ ಕಂಪ್ಯೂಟರಿನಲ್ಲೂ ಅದೇ ಆವೃತ್ತಿ ಸಿದ್ಧವಾಗಿತ್ತು, ಅವಳ ಬಳಿಯೂ ಸಹಿಯ ಕಡ್ಡಿ ಇತ್ತು, ನದಿ ಯಾವುದೂ ಅಡ್ಡ ಇರಲಿಲ್ಲ. ಆದರೂ ನಾನು ಯಾವಾಗ ಬರುತ್ತೇನೆ ಎಂದು ನೋಡುತ್ತಾ ಕೂರಬೇಕಾಯಿತು, ಏಕೆಂದರೆ ಸಹಿ ಹಾಕಬಹುದಾದವರ ಪಟ್ಟಿಗೆ ಅವಳ ಹೆಸರನ್ನು ನಾನು ಸೇರಿಸಿಲ್ಲ. ಸೇರಿಸುವೆಯಾ ಎಂದು ಕೇಳಿದ್ದಳು.

ಕೂಡಲೇ ಉತ್ತರ ಬರೆಯಲಿಲ್ಲ. ಬರೆಯಲು ಒಂದು ತಮಾಷೆ ನಾಲಿಗೆಯ ತುದಿಗೇ ಬಂದಿತ್ತು. ಒಬ್ಬನೇ ಇರುವುದರಲ್ಲಿ ಒಂದು ಗತ್ತಿದೆ, ಅದನ್ನು ಅನುಭವಿಸಿದವರಿಗೇ ಗೊತ್ತು. ಲಾಡ್ಜಿನಲ್ಲಿ ನಾನು ಇಲ್ಲದಿದ್ದರೆ ಇನ್ನೊಬ್ಬ ಬಿಲ್ಲು ಬರೆಯುತ್ತಾನೆ. ಮನೆಯಲ್ಲಿ ನಾನು ನಗಿಸದಿದ್ದರೆ ಟೀವಿ ನಗಿಸುತ್ತದೆ. ನಾನಿಲ್ಲದೆ ನಡೆಯದ್ದು ಅಂತ ಇದ್ದದ್ದು ಇದೊಂದೇ. ಅವಳ ಹೆಸರು ಸೇರಿಸಿದರೆ ಇದೂ ನಾನಿಲ್ಲದೆ ನಡೆಯುತ್ತದೆ.

ಅವಳ ಪತ್ರವನ್ನು ಮತ್ತೆ ಓದಿದೆ, ಮಧ್ಯೆ ಬಾಯಿ ಹಾಕದೆ, ಕೊನೆಯ ತನಕ. ವಾರವಿಡೀ ಕೈಕಟ್ಟಿ ಕೂತಿದ್ದವರು ಇಬ್ಬರು. ನನ್ನ ಕಟ್ಟು ಊರಿನ ರೀತಿಯದ್ದು, ದಿನ ಕಳೆದರೆ ಬಿಚ್ಚುತ್ತದೆ. ಅವಳದ್ದು ನಾನು ಕಟ್ಟಿದ್ದು.

ಬಾವಿಕಟ್ಟೆಯಿಂದ ಸಣ್ಣಜ್ಜ ಕರೆದರು, ಸಂಜೆಯ ಸ್ನಾನದ ಹೊತ್ತಾಯಿತೆಂದು. ಬಂದೆ ಎಂದೆ. ಅವಳ ಹೆಸರು ಬರೆದು, ಕಡ್ಡಿ ಚುಚ್ಚಿ ಬೆರಳಿಟ್ಟೆ. ಮತ್ತೆ ತೋಡಿನ ಆಚೆ ಹೋಗಿ ಕಳಿಸಿ ಬಂದೆ. ಆಮೇಲೆ ಹೋಗಿ ಬಾವಿಕಟ್ಟೆಯ ಮೇಲೆ ಕೂತೆ, ಸಣ್ಣಜ್ಜ ಮೊದಲ ಕೊಡಪಾನ ನೆತ್ತಿಗೆ ಸುರಿದರು.